ತವರಿಗೆ ಹೊರಟ ಮೀನು

ಕುಪ್ಪಳ್ಳಿಯನ್ನು ನೋಡಲು ಹೋಗುವವರಲ್ಲಿ ಬಹುಮಂದಿ ಮಳೆ ನಿಂತ ಮೇಲೆಯೇ ಹೊರಡುತ್ತಾರೆ. ತೀರ್ಥಹಳ್ಳಿಯಿಂದ ಕೊಪ್ಪದ ಕಡೆಗೆ ಹತ್ತು ಮೈಲಿಗೆ ಮಿಕ್ಕಿದ ದಾರಿ. ಎರಡು ಪಕ್ಕದಲ್ಲೂ ಕಾಡು, ಕಾಡಿನ ನಡುವೆ ಕಣಿವೆ, ಕಣಿವೆಯ ತಳದಲ್ಲಿ ಗದ್ದೆ, ಗದ್ದೆಯ ಅಂಚಿಗೆ ಅಡಕೆಯ ತೋಟ. ರಾಷ್ಟ್ರಕವಿ ಕುವೆಂಪು ಅವರು ಆಡಿ ಬೆಳೆದ ತೊಟ್ಟಿಮನೆ ಈಗ ಸ್ಮಾರಕವಾಗಿದೆ. ಮಕ್ಕಳಿಗೆ ಕವಿಯ ಮನೆಯನ್ನು ತೋರಿಸಿ, ಕವಿಶೈಲದ ಮೇಲೆ ನಿಂತು ಸೂರ್ಯಾಸ್ತವನ್ನು ನೋಡಿ, ಬುತ್ತಿ ಬಿಚ್ಚಿ ಉಂಡು, ಕತ್ತಲಾಗುವ ಮೊದಲೇ ಸಂಸಾರಗಳು ತೀರ್ಥಹಳ್ಳಿಗೆ ಹಿಂದಿರುಗುತ್ತವೆ. ಅವರು ಕಂಡ ಕುಪ್ಪಳ್ಳಿ ಸುಂದರವಾದದ್ದೇ ಸರಿ. ಆದರೆ ಈ ನಾಡಿನ ಅತ್ಯಂತ ದೊಡ್ಡ ಯಾತ್ರೆಯೊಂದು ಅವರ ಕಣ್ಣಿಗೆ ಬೀಳುವುದೇ ಇಲ್ಲ. ಆ ಯಾತ್ರೆ ನಡೆಯುವುದು ಜೂನ್ ತಿಂಗಳ ಜಡಿಮಳೆಯಲ್ಲಿ, ನಡುರಾತ್ರಿಯಲ್ಲಿ, ಮೊಣಕಾಲುದ್ದದ ಕೆನ್ನೀರಿನಲ್ಲಿ. ಯಾತ್ರಿಕರು ಮನುಷ್ಯರಲ್ಲ, ಮೀನುಗಳು.

ಮಲೆನಾಡಿನವರು ಇದನ್ನು 'ಹತ್ತುಮೀನು' ಎಂದು ಕರೆಯುತ್ತಾರೆ. ಬೆಂಗಳೂರಿನಿಂದ ಅಜ್ಜನ ಮನೆಗೆ ಬಂದ ಹುಡುಗನೊಬ್ಬ ಈ ಮಾತನ್ನು ಮೊದಲ ಸಲ ಕೇಳಿದಾಗ ಏನು ತಿಳಿದಾನು? ವಾಚಕರು ಆ ಚಿತ್ರವನ್ನು ಕಣ್ಮುಂದೆ ತಂದುಕೊಳ್ಳಬೇಕು. ಹೊರಗೆ ಹುಚ್ಚುಮಳೆ. ಹೆಬ್ಬಾಗಿಲಿನ ಜಗಲಿಯಲ್ಲಿ ಲಾಟೀನು. ಅಜ್ಜಯ್ಯ ಕಂಬಳಿಕೊಪ್ಪೆ ಹಾಕಿಕೊಂಡು, ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿ, "ಹತ್ತುಮೀನು ಶುರುವಾಗಿರಬೇಕು, ನೋಡಿ ಬರ್ತೀನಿ" ಎಂದು ಅಂಗಳಕ್ಕೆ ಇಳಿಯುತ್ತಾನೆ. ಹುಡುಗ ಓಡಿಬಂದು, "ಹತ್ತೇ ಮೀನಾ ಅಜ್ಜಯ್ಯ? ಹನ್ನೊಂದು ಸಿಕ್ಕಿದರೆ?" ಎನ್ನುತ್ತಾನೆ. ಜಗಲಿಯಲ್ಲಿ ಕುಳಿತವರೆಲ್ಲ ನಗುತ್ತಾರೆ. ಇದು ಎಣಿಕೆಯ ಹತ್ತಲ್ಲ, ಏರುವ ಹತ್ತು. ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ತೋಡಿಗೆ, ತೋಡಿನಿಂದ ಗದ್ದೆಗೆ ಹರಿವಿನ ಎದುರು ಹತ್ತಿ ಬರುವ ಮೀನು.

ತುಂಗೆ ಬೇಸಗೆಯಲ್ಲಿ ಸಾಧುವಾದ ನದಿ. ಬಂಡೆಗಳ ನಡುವೆ ಮಡುವುಗಳಾಗಿ, ಮರಳಿನ ಮೇಲೆ ತಿಳಿನೀರಾಗಿ, ಶೃಂಗೇರಿ ಹರಿಹರಪುರಗಳನ್ನು ಹಾದು ತೀರ್ಥಹಳ್ಳಿಯ ರಾಮತೀರ್ಥಕ್ಕೆ ಬರುತ್ತದೆ. ಅದಕ್ಕೆ ಸೇರುವ ನೂರಾರು ಹಳ್ಳಗಳು ಮೇ ತಿಂಗಳ ಹೊತ್ತಿಗೆ ಸೊರಗಿ, ಕೆಲವು ಬತ್ತಿಯೇ ಹೋಗಿರುತ್ತವೆ. ರೋಹಿಣಿ ಮಳೆ ನೆಲವನ್ನು ನೆನೆಸಿ, ಮೃಗಶಿರಾ ಮಳೆ ಹಿಡಿಯಿತೆಂದರೆ ಒಂದೆರಡು ದಿನಗಳಲ್ಲಿ ನೋಟವೇ ಬದಲಾಗುತ್ತದೆ. ಗುಡ್ಡದ ಕೆಮ್ಮಣ್ಣು ಕರಗಿ ನೀರು ಕೆಂಪಾಗುತ್ತದೆ. ಕೆರೆಗಳು ಕೋಡಿ ಬೀಳುತ್ತವೆ. ಗದ್ದೆಯ ನೀರು ತೋಡಿಗೂ, ತೋಡಿನ ನೀರು ಹಳ್ಳಕ್ಕೂ, ಹಳ್ಳದ ನೀರು ಹೊಳೆಗೂ ಧುಮುಕುತ್ತದೆ. ಆರು ತಿಂಗಳಿಂದ ಕಡಿದುಹೋಗಿದ್ದ ದಾರಿ ಮತ್ತೆ ತೆರೆಯುತ್ತದೆ. ನೀರಿನ ತಂಪು, ಬಣ್ಣ, ಸೆಳವು ಮೂರೂ ಒಟ್ಟಿಗೆ ಬದಲಾದದ್ದನ್ನು ಮಡುವಿನಲ್ಲಿರುವ ಮೀನು ತನ್ನ ಮೈಯಿಂದಲೇ ಅರಿಯುತ್ತದೆ. ಹೊಟ್ಟೆಯ ತುಂಬ ತತ್ತಿ ಹೊತ್ತ ಹೆಣ್ಣೂ, ಅದರ ಬೆನ್ನಿಗೆ ಗಂಡೂ, ಹೊಳೆಯನ್ನು ಬಿಟ್ಟು ಮೇಲಕ್ಕೆ ಹೊರಡುತ್ತವೆ.

ತುಂಬಿದ ಹೊಳೆಯಲ್ಲಿ ಅಷ್ಟೊಂದು ನೀರಿರುವಾಗ ಅಂಗೈಯಗಲದ ತೋಡಿಗೆ ಏಕೆ ಹತ್ತಬೇಕೆಂಬ ಪ್ರಶ್ನೆ ಸಹಜವಾದದ್ದು. ಮುಂಗಾರಿನ ಹೊಳೆ ಮರಿಗಳಿಗೆ ಹೇಳಿದ ಜಾಗವಲ್ಲ. ಪ್ರವಾಹ ತತ್ತಿಯನ್ನು ಕೊಚ್ಚಿಕೊಂಡು ಹೋಗುತ್ತದೆ. ಉಳಿದದ್ದನ್ನು ದೊಡ್ಡ ಮೀನು ನುಂಗುತ್ತದೆ. ಗದ್ದೆಯ ನೀರಾದರೋ ಆಳವಿಲ್ಲದ್ದು, ಬೆಚ್ಚನೆಯದು, ನಿಂತ ನೀರು. ಕೊಳೆತ ಹುಲ್ಲು, ಎಲೆಗಳಿಂದ ಅಲ್ಲಿ ಕಣ್ಣಿಗೆ ಕಾಣದ ಜೀವರಾಶಿ ಹುಟ್ಟಿ ಮರಿಗಳಿಗೆ ಆಹಾರವಾಗುತ್ತದೆ. ಮರಿಗಳು ಅಲ್ಲಿ ಎರಡು ಮೂರು ತಿಂಗಳು ಬೆಳೆದು, ಮಳೆ ಹಿಂದೆಗೆಯುವಾಗ ಇಳಿಯುವ ನೀರಿನೊಡನೆ ಹೊಳೆಗೆ ಸೇರಿಕೊಳ್ಳುತ್ತವೆ.

ಈ ನಡವಳಿಕೆಯನ್ನು ತಿಳಿಯಲು ಕನ್ನಡದ ಸಂಸಾರಗಳಿಗೆ ಜೀವಶಾಸ್ತ್ರದ ಪುಸ್ತಕ ಬೇಕಾಗಿಲ್ಲ. ದಿನ ತುಂಬುತ್ತಿದ್ದಂತೆ ಗಂಡನ ಮನೆಯಿಂದ ತವರಿಗೆ ಹೋಗಿ, ಹೆತ್ತು, ಬಾಣಂತನ ಮುಗಿಸಿಕೊಂಡು, ಕೂಸನ್ನು ಎತ್ತಿಕೊಂಡು ಹಿಂದಿರುಗುವುದು ನಮ್ಮ ಹೆಣ್ಣುಮಕ್ಕಳ ಹಳೆಯ ಪದ್ಧತಿ. ಕುಪ್ಪಳ್ಳಿಯ ಕವಿಯೂ ಕುಪ್ಪಳ್ಳಿಯಲ್ಲಿ ಹುಟ್ಟಿದವರಲ್ಲ. ೧೯೦೪ರ ಡಿಸೆಂಬರ್ ೨೯ರಂದು ಅವರು ಹುಟ್ಟಿದ್ದು ತಾಯಿಯ ತವರಾದ, ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಅಲ್ಲಿಂದ ಕಾಡುದಾರಿಯಲ್ಲಿ ಕೂಸು ಕುಪ್ಪಳ್ಳಿಗೆ ಬಂದಿತು. ಹತ್ತುಮೀನಿಗೂ ಗದ್ದೆಯೇ ತವರು. ವ್ಯತ್ಯಾಸವಿಷ್ಟೆ: ತವರಿಗೆ ಹೊರಟ ಹೆಣ್ಣಿಗೆ ದಾರಿಯಲ್ಲಿ ಎಲ್ಲರೂ ಎದ್ದು ಜಾಗ ಕೊಡುತ್ತಾರೆ, ತವರಿಗೆ ಹೊರಟ ಮೀನಿಗೆ ದಾರಿಯುದ್ದಕ್ಕೂ ಕತ್ತಿ ಕಾದಿರುತ್ತದೆ.

ಹತ್ತುಮೀನಿನ ಬೇಟೆಗೆ ಹೆಚ್ಚಿನ ಉಪಕರಣವೇನೂ ಬೇಡ. ಹಿಂದೆ ದೊಂದಿ, ಅನಂತರ ಲಾಟೀನು, ಈಗ ಬ್ಯಾಟರಿ. ಬೆಳಕು ಬಿದ್ದೊಡನೆ ತೆಳುನೀರಿನಲ್ಲಿ ಬೆನ್ನು ಮೇಲೆ ಮಾಡಿಕೊಂಡು ಏರುತ್ತಿರುವ ಮೀನು ಕ್ಷಣಕಾಲ ಬೆಪ್ಪಾಗುತ್ತದೆ, ಕತ್ತಿ ಇಳಿಯುತ್ತದೆ. ಅದಕ್ಕೆಂದೇ ಇದನ್ನು ಮೀನು ಹಿಡಿಯುವುದೆನ್ನದೆ 'ಮೀನು ಕಡಿಯುವುದು' ಎನ್ನುತ್ತಾರೆ. ಇನ್ನೊಂದು ಸಾಧನ ಕೂಳಿ. ಬಿದಿರಿನ ಸೀಳುಗಳನ್ನು ಬಳ್ಳಿಯಿಂದ ಹೆಣೆದು ಮಾಡಿದ ಉದ್ದನೆಯ ಬುಟ್ಟಿ ಅದು. ಬಾಯಿ ಅಗಲ, ಬುಡ ಕಿರಿದು. ಬಾಯಿಯೊಳಗೆ ಸೀಳುಗಳ ತುದಿ ಒಳಮುಖವಾಗಿ ಬಾಗಿರುವುದರಿಂದ ಹೊಕ್ಕ ಮೀನಿಗೆ ಹೊರಬರಲು ಸಾಧ್ಯವಿಲ್ಲ. ತೋಡಿನ ಎರಡು ಪಕ್ಕವನ್ನೂ ಕಲ್ಲು ಮಣ್ಣುಗಳಿಂದ ಮುಚ್ಚಿ, ನಡುವೆ ಉಳಿದ ಕಿಂಡಿಗೆ ಕೂಳಿಯನ್ನು ಒಡ್ಡಿದರೆ ಮನೆಗೆ ಹೋಗಿ ಮಲಗಬಹುದು. ಬೆಳಗಾಗುವಷ್ಟರಲ್ಲಿ ಅವಲು, ಮುರುಗೋಡು, ಹಾವುಮೀನು, ಜೊತೆಗೆ ಒಂದಷ್ಟು ಏಡಿ. ಮೀನಿನ ಹೆಸರೆತ್ತಿದರೆ ಮೂಗು ಮುಚ್ಚಿಕೊಳ್ಳುವ ಮನೆಗಳೂ ಮಲೆನಾಡಿನಲ್ಲಿವೆ. ಆದರೆ ಹೊರಗೆ ಕಾಲಿಡಲಾಗದ ಮಳೆಯಲ್ಲಿ, ತರಕಾರಿಯೂ ಸಿಕ್ಕದ ದಿನಗಳಲ್ಲಿ, ಅನೇಕ ಬಡ ಒಕ್ಕಲುಗಳ ಒಲೆಯ ಮೇಲೆ ಕುದಿದದ್ದು ಈ ಮೀನೇ. ಅದನ್ನು ಪೇಟೆಯ ಆರಾಮ ಕುರ್ಚಿಯಲ್ಲಿ ಕುಳಿತು ಹಳಿಯುವುದು ಸುಲಭ.

ಈ ಮಳೆಯ ಲೋಕ ಕನ್ನಡ ಸಾಹಿತ್ಯಕ್ಕೆ ಹೊಸದಲ್ಲ. ಕುವೆಂಪು ಅವರ 'ಮಲೆನಾಡಿನ ಚಿತ್ರಗಳು' ೧೯೩೩ರಲ್ಲಿಯೂ, 'ಮಲೆಗಳಲ್ಲಿ ಮದುಮಗಳು' ೧೯೬೭ರಲ್ಲಿಯೂ ಹೊರಬಂದಾಗ, ಮಳೆ ಕಾಡು ಬೇಟೆಗಳ ಬದುಕು ಪೇಟೆಯ ಓದುಗರ ಮನೆಗಳನ್ನು ಹೊಕ್ಕಿತು. ಅವರ ಮಗ ಪೂರ್ಣಚಂದ್ರ ತೇಜಸ್ವಿಯವರಿಗಂತೂ ಗಾಳ ಹಾಕಿಕೊಂಡು ನೀರಿನ ದಡದಲ್ಲಿ ಕೂರುವುದು ಬರವಣಿಗೆಯಷ್ಟೇ ಪ್ರಿಯವಾದ ಕೆಲಸವಾಗಿತ್ತು. ೨೦೦೭ರಲ್ಲಿ ತೀರಿಕೊಂಡ ಅವರ ಸ್ಮಾರಕವೂ ಕುಪ್ಪಳ್ಳಿಯಲ್ಲಿಯೇ ಇದೆ.

ಗಾಳದ ಮಾತು ಬಂದಾಗ ನಾವು ಅದನ್ನು ಇಂಗ್ಲಿಷರಿಂದ ಬಂದ ವಿನೋದವೆಂದು ಭಾವಿಸುವುದುಂಟು. ಇದು ಸರಿಯಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ 'ಮತ್ಸ್ಯವಿನೋದ' ಎಂಬ ಪ್ರಕರಣವೇ ಇದೆ. ಯಾವ ಮೀನು ಯಾವ ನೀರಿನಲ್ಲಿರುತ್ತದೆ, ಯಾವುದಕ್ಕೆ ಯಾವ ಆಹಾರ ಹಾಕಬೇಕು, ದಾರ ಎಂಥದಿರಬೇಕು, ಕೋಲು ಹೇಗಿರಬೇಕು ಎಂಬುದನ್ನೆಲ್ಲ ದೊರೆ ವಿವರಿಸಿದ್ದಾನೆ. ಇಂಗ್ಲೆಂಡಿನಲ್ಲಿ ಈ ಕಲೆಯ ಮೇಲೆ ಮೊದಲ ಪುಸ್ತಕ ಅಚ್ಚಾದದ್ದು ೧೪೯೬ರಲ್ಲಿ. ಐಸಾಕ್ ವಾಲ್ಟನ್ನನ ಪ್ರಸಿದ್ಧ ಕೃತಿ ಬಂದದ್ದು ೧೬೫೩ರಲ್ಲಿ. ಕನ್ನಡ ನೆಲವನ್ನಾಳಿದ ದೊರೆ ಅವರಿಗಿಂತ ಶತಮಾನಗಳಷ್ಟು ಮುಂದಿದ್ದ.

ಆದರೂ ನಮ್ಮ ನದಿಗಳ ಮೀನಿನ ಕೀರ್ತಿಯನ್ನು ಕಡಲಾಚೆಗೆ ಒಯ್ದವರು ಹೊರಗಿನಿಂದ ಬಂದವರೇ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬ ಅಧಿಕಾರಿ ೧೮೭೩ರಲ್ಲಿ 'ದಿ ರಾಡ್ ಇನ್ ಇಂಡಿಯಾ' ಎಂಬ ಪುಸ್ತಕವನ್ನು ಪ್ರಕಟಿಸಿದ. ಗಾತ್ರಕ್ಕೆ ಗಾತ್ರ ಹೋಲಿಸಿದರೆ ಭಾರತದ ಮಹಶೀರ್ ಮೀನು ತಮ್ಮ ದೇಶದ ಸಾಲ್ಮನ್‌ಗಿಂತಲೂ ಹೆಚ್ಚು ಹೋರಾಡುತ್ತದೆಂದು ಆತ ಸಾರಿದ. ಅಂದಿನಿಂದ ಗಾಳದ ಕೋಲನ್ನು ಹೊತ್ತು ನಮ್ಮ ಹೊಳೆಗಳಿಗೆ ಬರುವವರ ಸಾಲು ಮೊದಲಾಯಿತು. ೧೯೪೬ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿಯಲ್ಲಿ ೧೨೦ ಪೌಂಡು ತೂಗುವ ಮಹಶೀರನ್ನು ಹಿಡಿದರು. ಅಂದರೆ ಸುಮಾರು ೫೪ ಕಿಲೋ. ಒಬ್ಬ ಆಳಿನ ತೂಕ! ೧೯೭೭ರಲ್ಲಿ ಇಂಗ್ಲೆಂಡಿನ ಮೂವರು ತರುಣರು ಲೋಕ ಸುತ್ತುತ್ತ ಮೀನು ಹಿಡಿಯುವ ಯಾತ್ರೆ ಹೊರಟು ಕಾವೇರಿಗೆ ಬಂದರು. ಅವರು ಕಂಡದ್ದನ್ನು ಕೇಳಿ ಮತ್ತೆ ಅನೇಕರು ಬಂದರು. ಭೀಮೇಶ್ವರಿಯ ದಡದಲ್ಲಿ ಶಿಬಿರ ಎದ್ದಿತು. ಹಿಡಿದ ಮೀನನ್ನು ತೂಗಿ, ಚಿತ್ರ ತೆಗೆದು, ಜೀವಸಹಿತ ಮತ್ತೆ ನೀರಿಗೆ ಬಿಡುವುದು ಅಲ್ಲಿನ ನಿಯಮ. ಸಿಡಿಮದ್ದು ಹಾಕುವವರನ್ನು ಕಾಯಲು ದಡದ ಹಳ್ಳಿಗಳವರನ್ನೇ ನೇಮಿಸಿದರು. ಸಾವಿರಾರು ಮೈಲಿಗಳಿಂದ ಹಣ ಖರ್ಚು ಮಾಡಿಕೊಂಡು ಬಂದು, ಹಿಡಿದ ಮೀನನ್ನು ತಿನ್ನದೆ ಬಿಟ್ಟುಹೋಗುವ ಈ ಜನರನ್ನು ನೋಡಿ ನಮ್ಮ ಹಳ್ಳಿಯವರು ಮೂಗಿನ ಮೇಲೆ ಬೆರಳಿಟ್ಟುಕೊಂಡಿದ್ದರೆ ಆಶ್ಚರ್ಯವಿಲ್ಲ. ವನ್ಯಜೀವಿ ಧಾಮದೊಳಗೆ ಗಾಳ ಹಾಕುವುದು ಕಾನೂನಿಗೆ ಒಪ್ಪುವುದಿಲ್ಲವೆಂಬ ಕಾರಣದಿಂದ ೨೦೧೦ರ ದಶಕದ ಆರಂಭದಲ್ಲಿ ಅಲ್ಲಿನ ಗಾಳದ ವಿನೋದ ನಿಂತಿತು.

ಇಷ್ಟೆಲ್ಲ ಕೀರ್ತಿ ಪಡೆದ ಕಾವೇರಿಯ ಆ ಗೂನುಬೆನ್ನಿನ ದೊಡ್ಡ ಮಹಶೀರಿಗೆ ವಿಜ್ಞಾನದಲ್ಲಿ ಒಂದು ಖಚಿತವಾದ ಹೆಸರೇ ಇರಲಿಲ್ಲವೆಂದರೆ ನಂಬುವುದು ಕಷ್ಟ. ಕೇರಳದ ಪಾಂಬಾರ್ ನದಿಯಲ್ಲಿ ಸಿಕ್ಕಿದ ಮೀನಿಗೆ ೨೦೦೭ರಲ್ಲಿ ಇಟ್ಟಿದ್ದ 'ಟಾರ್ ರೆಮಾದೇವಿ' ಎಂಬ ಹೆಸರು ಇದಕ್ಕೂ ಸಲ್ಲುತ್ತದೆಂದು ವಿಜ್ಞಾನಿಗಳು ಗುರುತಿಸಿದ್ದು ೨೦೧೮ರಲ್ಲಿ. ಅದೇ ವರ್ಷ ಅದನ್ನು ಅಳಿವಿನ ಅಂಚನ್ನು ಮುಟ್ಟಿದ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. ನಾಮಕರಣದ ಹೊತ್ತಿಗೆ ಕೂಸಿನ ಪ್ರಾಣಕ್ಕೇ ಸಂಚಕಾರ ಬಂದಿತ್ತು.

ತುಂಗೆಯ ಮಹಶೀರ್ ಬೇರೆ ಜಾತಿಯದು. ೧೮೩೯ರಲ್ಲಿ ಸೈಕ್ಸ್ ಎಂಬಾತ ಪುಣೆಯ ಬಳಿಯ ಹೊಳೆಯ ಮೀನನ್ನು ನೋಡಿ ವರ್ಣಿಸಿದ 'ಟಾರ್ ಖುದ್ರಿ' ಅದು. ಮಲೆನಾಡಿನ ಭಕ್ತರ ಬಾಯಲ್ಲಿ ಅದು ದೇವರ ಮೀನು. ಶೃಂಗೇರಿಯಲ್ಲಿ ಶಾರದೆಯ ದರ್ಶನ ಮುಗಿಸಿ ಹೊಳೆಯ ಮೆಟ್ಟಿಲಿಗೆ ಇಳಿದ ಮಕ್ಕಳು ಪುರಿ ಎಸೆದು ಕೂಗುವುದನ್ನು ಕಾಣದವರಾರು? ತೀರ್ಥಹಳ್ಳಿಯ ಸೀಮೆಯಲ್ಲಿಯೇ, ಚಿಬ್ಬಲಗುಡ್ಡೆಯ ಸಿದ್ಧಿವಿನಾಯಕನ ಗುಡಿಯ ಕೆಳಗೆ, ತುಂಗೆಯ ಮಡುವಿನಲ್ಲಿ ಮೀನುಗಳು ಮನುಷ್ಯರ ಹೆಜ್ಜೆಯ ಸದ್ದಿಗೇ ಮೇಲೆದ್ದು ಬರುತ್ತವೆ. ಬೇರೆಡೆ ಅದೇ ಸದ್ದಿಗೆ ಬಂಡೆಯಡಿ ಅಡಗುವ ಮೀನು ಇಲ್ಲಿ ಬಾಯಿ ತೆರೆದು ಕಾಯುತ್ತದೆ. ಅಲ್ಲಿ ಹಿಡಿಯಬಾರದೆಂಬುದಕ್ಕೆ ಪೋಲೀಸು ಬೇಡ. ದೇವರ ಹೆಸರೊಂದೇ ಸಾಕು.

ಆದರೆ ದೇವರ ಹೆಸರೂ ಎಲ್ಲ ಕಾಲಕ್ಕೂ ಸಾಲುವುದಿಲ್ಲ. ಘಟ್ಟದ ಕೆಳಗೆ, ಶಿಶಿಲದಲ್ಲಿ, ಕಪಿಲಾ ಹೊಳೆಯ ದೇವರ ಮೀನುಗಳಿಗೆ ೧೯೯೬ರಲ್ಲಿ ಯಾರೋ ವಿಷವಿಕ್ಕಿದರು. ಸಾವಿರಾರು ಮೀನುಗಳು ಒಮ್ಮೆಲೇ ಹೊಟ್ಟೆ ಮೇಲಾಗಿ ತೇಲಿದವು. ಊರವರು ಆ ಮೀನುಗಳ ನೆನಪಿಗೆ ಅಲ್ಲಿ ಒಂದು ಸ್ಮಾರಕವನ್ನೇ ಕಟ್ಟಿದ್ದಾರೆ. ಮೀನಿಗೆ ಸ್ಮಾರಕವಿರುವ ಊರುಗಳು ಲೋಕದಲ್ಲಿ ಎಷ್ಟಿವೆಯೋ! ದೇವರ ಕಟ್ಟಳೆ ಕಾಯುವುದು ಗುಡಿಯ ಮುಂದಿನ ಮಡುವನ್ನು ಮಾತ್ರ ಎಂಬುದೂ ನಿಜ. ಮರಿಯಿಡಲು ಮಡುವನ್ನು ಬಿಟ್ಟು ಮೇಲಿನ ಜಲ್ಲಿಗಲ್ಲಿನ ಹರಿವಿಗೆ ಹೊರಟ ಮೀನು ಅದರ ಗಡಿಯನ್ನು ದಾಟುತ್ತದೆ. ಯಾತ್ರೆಯಲ್ಲಿರುವ ಮೀನಿಗೆ ದೇವರೂ ಇಲ್ಲ, ದಿಕ್ಕೂ ಇಲ್ಲ.

ಈ ಸಂಗತಿಯನ್ನು ಹಿಂದಿನ ಕಾಲದವರು ಅರಿಯದೆ ಇರಲಿಲ್ಲ. ಅಶೋಕನ ಐದನೆಯ ಸ್ತಂಭಶಾಸನ ವರ್ಷದ ಕೆಲವು ನಿಯತ ದಿನಗಳಲ್ಲಿ ಮೀನನ್ನು ಕೊಲ್ಲುವುದನ್ನೂ ಮಾರುವುದನ್ನೂ ನಿಷೇಧಿಸಿತು. ೧೨೧೫ರ ಮ್ಯಾಗ್ನಾ ಕಾರ್ಟಾ ಎಂದರೆ ಪ್ರಜೆಗಳ ಹಕ್ಕಿನ ಮೂಲವೆಂದು ನಮ್ಮ ಮಕ್ಕಳು ಶಾಲೆಯಲ್ಲಿ ಓದುತ್ತಾರೆ. ಅದರಲ್ಲಿಯೇ ಥೇಮ್ಸ್ ಮೊದಲಾದ ನದಿಗಳಿಗೆ ಅಡ್ಡಲಾಗಿ ಕಟ್ಟಿದ ಮೀನುಗಟ್ಟೆಗಳನ್ನು ಕಿತ್ತುಹಾಕಬೇಕೆಂಬ ಒಂದು ಕಲಮೂ ಇದೆ. ನಮ್ಮಲ್ಲಿ ೧೮೭೩ರಲ್ಲಿ ಫ್ರಾನ್ಸಿಸ್ ಡೇ ಎಂಬ ವೈದ್ಯ ದೇಶದ ಸಿಹಿನೀರಿನ ಮೀನುಗಾರಿಕೆಯ ಮೇಲೆ ವರದಿ ಒಪ್ಪಿಸಿ, ತತ್ತಿ ಹೊತ್ತ ಮೀನೂ ಮರಿಮೀನೂ ಒಡ್ಡು ಬುಟ್ಟಿಗಳಲ್ಲಿ ನಾಶವಾಗುತ್ತಿರುವುದನ್ನು ಎತ್ತಿ ಹೇಳಿದ. ಕೊನೆಗೆ ೧೮೯೭ರ ಮೀನುಗಾರಿಕೆ ಕಾಯಿದೆ ನೀರಿಗೆ ವಿಷ ಹಾಕುವುದನ್ನೂ ಸಿಡಿಮದ್ದು ಹಾಕುವುದನ್ನೂ ಅಪರಾಧವೆಂದು ಸಾರಿ, ನೆಟ್ಟ ಬೋನು, ಒಡ್ಡು, ಬಲೆಯ ಕಣ್ಣಿನ ಅಳತೆ ಇವುಗಳ ಮೇಲೆ ನಿಯಮ ಮಾಡುವ ಅಧಿಕಾರವನ್ನು ಸರ್ಕಾರಗಳಿಗೆ ಕೊಟ್ಟಿತು. ಆದರೆ ಮೃಗಶಿರೆಯ ನಡುರಾತ್ರಿಯಲ್ಲಿ ಕುಪ್ಪಳ್ಳಿಯ ಕಡೆಯ ಒಂದು ತೋಡಿನ ಬದಿಗೆ ಯಾವ ಸರ್ಕಾರದ ಯಾವ ಅಧಿಕಾರಿ ಕೊಡೆ ಹಿಡಿದು ಬಂದಾನು? ಅಲ್ಲಿ ಇರುವವರು ಮೂವರೇ: ಮಳೆ, ಮೀನು, ಕೂಳಿಯ ಒಡೆಯ.

ಈಗ ಮೀನಿನ ಕಷ್ಟಗಳು ಕತ್ತಿ ಕೂಳಿಗಳಷ್ಟೇ ಅಲ್ಲ. ಅನೇಕ ಕಡೆ ಗದ್ದೆಗಳು ತೋಟಗಳಾಗಿವೆ, ಕೆಲವು ಹಡುಬಿದ್ದಿವೆ. ನೀರು ನಿಲ್ಲುವ ಗದ್ದೆಯಿಲ್ಲದಿದ್ದರೆ ಮೀನಿಗೆ ತವರೇ ಇಲ್ಲ. ಬೆಳೆಗೆ ಹೊಡೆದ ಔಷಧ ಮಳೆಯಲ್ಲಿ ತೊಳೆದು ತೋಡಿಗೆ ಇಳಿಯುತ್ತದೆ. ನದಿಗೆ ಅಡ್ಡಲಾಗಿ ಎದ್ದ ಗೋಡೆ, ನಮಗೆ ಅಣೆಕಟ್ಟಾದರೂ ಮೀನಿಗೆ ದಾರಿಯ ಕೊನೆ. ಇವುಗಳ ಮುಂದೆ ಒಬ್ಬ ಒಕ್ಕಲಿಗನ ಕೂಳಿ ಎಷ್ಟರದು ಎಂದು ಕೇಳಬಹುದು. ದಾರಿ ತೆರೆದಿದ್ದಾಗ, ತವರು ವಿಶಾಲವಾಗಿದ್ದಾಗ, ಕೂಳಿಗೆ ಬಿದ್ದದ್ದು ಲೆಕ್ಕಕ್ಕೆ ಬರುತ್ತಿರಲಿಲ್ಲ. ಬರುವ ಮೀನೇ ಕಡಿಮೆಯಾದಾಗ ಉಳಿದ ಒಂದೊಂದು ಹೆಣ್ಣಿನ ಬೆಲೆಯೂ ಏರುತ್ತದೆ. ಹತ್ತಿ ಬಂದ ಒಂದು ಅವಲನ್ನು ಕಡಿದವನು ಸಾರಿಗೆ ಒಂದು ಮೀನನ್ನು ತಂದೆನೆಂದು ತಿಳಿಯುತ್ತಾನೆ. ಮುಂದಿನ ವರ್ಷದ ಸಾವಿರ ಮೀನು ಆ ಪಾತ್ರೆಯಲ್ಲಿಯೇ ಕುದಿಯುತ್ತಿರುತ್ತದೆ.

ಮತ್ತೆ ಆ ಮಳೆಯ ರಾತ್ರಿಗೆ ಹಿಂದಿರುಗೋಣ. ಅಜ್ಜಯ್ಯನೂ ಮೊಮ್ಮಗನೂ ತೋಡಿನ ಬದಿಗೆ ಬಂದಿದ್ದಾರೆ. ಹುಡುಗನ ತಲೆಯ ಮೇಲೆ ಗೊರಬು, ಕೈಯಲ್ಲಿ ಬ್ಯಾಟರಿ. ಅಜ್ಜಯ್ಯ ತೋಡಿನ ಒಂದು ಪಕ್ಕದಲ್ಲಿ ಕಲ್ಲಿಟ್ಟು ಕೂಳಿಯನ್ನು ಒಡ್ಡುತ್ತಾನೆ. ಇನ್ನೊಂದು ಪಕ್ಕವನ್ನು ಹಾಗೆಯೇ ಬಿಡುತ್ತಾನೆ. ಹುಡುಗನ ಕಣ್ಣೆದುರಿಗೇ ಒಂದು ದಪ್ಪ ಮೀನು, ಬೆನ್ನಿನ ಅರ್ಧ ನೀರಿನ ಮೇಲೆ, ಬಾಲವನ್ನು ಬಡಿಯುತ್ತ ಆ ತೆರೆದ ಪಕ್ಕದಿಂದ ಹತ್ತಿ ಗದ್ದೆಗೆ ನುಸುಳುತ್ತದೆ.

"ಅಜ್ಜಯ್ಯ! ಹೋಯ್ತು! ಆ ಕಡೆ ಯಾಕೆ ಮುಚ್ಚಲಿಲ್ಲ ನೀವು?"

"ಇರ್ಲಿ ಬಿಡು ಮಗಾ. ಬಾಣಂತನಕ್ಕೆ ಹೊರಟದ್ದು ಅದು."

"ನಮಗೆ?"

"ನಮ್ಮ ಪಾಲಿಂದು ಈ ಕಡೆ ಬೀಳ್ತದೆ. ಬೀಳದೆ ಇದ್ರೆ ನಾಳೆ ಹುರುಳಿಸಾರು. ದಾರೀನೇ ಮುಚ್ಚಿಬಿಟ್ರೆ, ಬರೋ ವರ್ಷ ನೀನು ಬಂದಾಗ ತೋರಿಸೋದು ಎಂಥದು ಮಾರಾಯ?"

ಹುಡುಗನಿಗೆ ಈ ಉತ್ತರ ಅಷ್ಟಾಗಿ ರುಚಿಸುವುದಿಲ್ಲ. ಅವನ ಬ್ಯಾಟರಿಯ ಬೆಳಕು ಇನ್ನೂ ಗದ್ದೆಯ ನೀರಿನ ಮೇಲೆ ಆ ಮೀನನ್ನು ಹುಡುಕುತ್ತಿದೆ. ಮೊಣಕಾಲುದ್ದದ ನೀರಿನಲ್ಲಿ ಎಲ್ಲಿಯೋ ಒಂದು ಅಲೆ ಎದ್ದು, ಹುಲ್ಲಿನ ಬುಡಕ್ಕೆ ಸರಿದು, ಅಡಗುತ್ತದೆ.

ಸೆಪ್ಟೆಂಬರ್ ಕಳೆದು ಮಳೆ ಇಳಿಮುಖವಾದಾಗ ಗದ್ದೆಯ ನೀರು ತಿಳಿಯಾಗುತ್ತದೆ. ಆಗ ಬದುವಿನ ಮೇಲೆ ಕುಳಿತು ನೋಡಿದರೆ, ಬೆರಳುದ್ದದ ಮರಿಗಳ ಹಿಂಡು ಕಂಡಿಯಿಂದ ಕಂಡಿಗೆ ಜಾರುತ್ತ ತೋಡಿನ ಕಡೆಗೆ ಇಳಿಯುವುದು ಕಾಣುತ್ತದೆ. ಈ ಸಲ ಹರಿವು ಅವುಗಳ ಕಡೆಗಿದೆ. ತೋಡು ಹಳ್ಳಕ್ಕೆ, ಹಳ್ಳ ತುಂಗೆಗೆ. ಮನೆ ಬಹಳ ದೂರವೇನಿಲ್ಲ. ಹೊತ್ತಿಗೆ ಸರಿಯಾಗಿ ಪ್ರವಾಸಿಗಳ ಮೊದಲ ಮೋಟಾರುಗಳೂ ಕವಿಯ ಮನೆಯ ಮುಂದೆ ಬಂದು ನಿಲ್ಲತೊಡಗುತ್ತವೆ. ಕವಿಶೈಲಕ್ಕೆ ಹತ್ತುವ ಮೊದಲು ಅವರು ಕೆಳಗಿನ ಗದ್ದೆಯ ಬದುವಿನ ಬಳಿ ಐದು ನಿಮಿಷ ನಿಂತು, ಮಕ್ಕಳಿಗೆ ಆ ತಿಳಿನೀರನ್ನು ತೋರಿಸಿದರೆ, ಬಂದ ದಾರಿ ಸಾರ್ಥಕವಾದೀತು.